ಅಂದಾಜು ವಯಸ್ಸು

ಎದುರಿನ ಸಾಲಿನಲ್ಲಿ ಕುಳಿತವರು ಆಕಳಿಸಿದರು, ಮೇಲ್ದವಡೆ, ಎಡಗಡೆ, ಕೋರೆಹಲ್ಲಿನ ಪಕ್ಕದ್ದು ಕ್ಯಾಪು, ಬಣ್ಣ ಸ್ವಲ್ಪ ಹಳದಿಗೆ ಹೋಗಿದೆ, ಯಾರೋ ಅವಸರದಲ್ಲಿ ಮಾಡಿ ಕೈತೊಳೆದುಕೊಂಡದ್ದು, ನಮ್ಮ ಲ್ಯಾಬಿನದಲ್ಲ, ನಮ್ಮದಾಗಿದ್ದರೆ ನಾನೇ ಹೊರಗೆ ಬಿಡುತ್ತಿರಲಿಲ್ಲ — ಬಾಯಿ ಮುಚ್ಚಿದರು, ನಾನು ನೋಡಿದ್ದು ಗೊತ್ತಾಯಿತೇನೋ, ಕೈ ಅಡ್ಡ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ಜನರ ಮುಖ ನೋಡಿ ಮಾತಾಡು ಕಣೇ, ಬಾಯಿ ನೋಡ್ಬೇಡ, ಅಂತ ಅಕ್ಕ ಎಷ್ಟು ಸಲ ಹೇಳಿದ್ದಾಳೆ, ಏನು ಮಾಡಲಿ, ಇಪ್ಪತ್ತೆರಡು ವರ್ಷ ಹಲ್ಲು ಕಟ್ಟಿದವಳಿಗೆ ಊರೆಲ್ಲ ಬಾಯಾಗಿಯೇ ಕಾಣುತ್ತದೆ, ಟಿವಿಯಲ್ಲಿ ಸುದ್ದಿ ಓದುವವರು ಏನು ಓದಿದರು ಎಂದು ಕೇಳಿದರೆ ಗೊತ್ತಿಲ್ಲ, ಕೆಳಸಾಲಿನ ಹಲ್ಲು ಒತ್ತೊತ್ತಾಗಿದೆ ಎಂದು ಬೇಕಾದರೆ ಹೇಳಬಲ್ಲೆ. ಬೆರಳಚ್ಚು ಕಚೇರಿಯ ಗೋಡೆಯ ಮೇಲೆ ಕೆಂಪು ಅಂಕಿ ಮೂವತ್ತೆಂಟು, ನನ್ನ ಚೀಟಿ ಅರವತ್ತೊಂದು, ಇನ್ನೂ ಇಪ್ಪತ್ಮೂರು ಜನರ ನಲವತ್ತಾರು ಕೈಗಳು ಆಗಬೇಕು. ನನ್ನ ಎರಡು ಕೈ ತೊಡೆಯ ಮೇಲಿವೆ, ಬಿಳಿ ಹತ್ತಿಯ ಗ್ಲೌಸಿನೊಳಗೆ ಕ್ರೀಮು ಮೆತ್ತಿಸಿಕೊಂಡು ಬೆಚ್ಚಗೆ ಮಲಗಿವೆ, ಊರಿಗೆ ಹೋದವರು ನೋಡಿಕೊಳ್ಳಿ ಎಂದು ಬಿಟ್ಟುಹೋದ ಎರಡು ಸಾಕುಪ್ರಾಣಿಗಳ ಹಾಗೆ, ಮೂರು ವಾರದಿಂದ ಇವುಗಳ ಸೇವೆಯೇ ಆಯಿತು, ಪಾತ್ರೆ ತೊಳೆಯುವಂತಿಲ್ಲ, ಬಟ್ಟೆ ಹಿಂಡುವಂತಿಲ್ಲ, ಲ್ಯಾಬಿನ ಕಡೆ ತಲೆ ಹಾಕುವಂತಿಲ್ಲ, ಟಿವಿ ಮುಂದೆ ಕೂತರೆ ಕೈ ತಾವಾಗಿಯೇ ಗ್ಲೌಸಿನೊಳಗೆ ಏನನ್ನೋ ಉಜ್ಜುತ್ತಿರುತ್ತವೆ, ಗದರಿಸಿ ಸುಮ್ಮನಿರಿಸುತ್ತೇನೆ. ಮನೆಯಲ್ಲಿ ನಾನು ಗದರಿಸಬಹುದಾದವರು ಸದ್ಯಕ್ಕೆ ಇವರಿಬ್ಬರೇ.

ಮೊದಲ ಸಲ ಬಂದಾಗ ಇದೆಲ್ಲ ಗೊತ್ತಿರಲಿಲ್ಲ, ಹತ್ತು ನಿಮಿಷದ ಕೆಲಸ ಎಂದುಕೊಂಡು ಊಟದ ಬಿಡುವಿನಲ್ಲಿ ಓಡಿಬಂದಿದ್ದೆ, ಇನ್ನೊಂದು ದೇಶದ ಅನಾಥಾಲಯದಲ್ಲಿರುವ ಮಗುವನ್ನು ದತ್ತು ತೆಗೆದುಕೊಳ್ಳಬೇಕಾದರೆ ನಾನು ಕಳ್ಳಿಯಲ್ಲ ಕೊಲೆಗಡುಕಿಯಲ್ಲ ಎಂದು ಪೊಲೀಸರು ಬರೆದುಕೊಡಬೇಕು, ಅವರು ಬರೆದುಕೊಡಬೇಕಾದರೆ ನನ್ನ ಹತ್ತು ಬೆರಳಿನ ಅಚ್ಚು ಬೇಕು, ನ್ಯಾಯವೇ, ಕೊಡೋಣ ಎಂದು ಗಾಜಿನ ಮೇಲೆ ಬೆರಳಿಟ್ಟರೆ ಕೆಂಪು ದೀಪ, ಮತ್ತೆ ಇಡಿ ಮೇಡಂ, ಒತ್ತಿ, ಅಷ್ಟೊಂದು ಒತ್ತಬೇಡಿ, ಒರೆಸ್ಕೊಳ್ಳಿ, ಹಾಂ ಈಗ ಇಡಿ — ಕೆಂಪು. ಆಪರೇಟರ್ ನನ್ನ ಕೈ ಹಿಡಿದು ಟೇಬಲ್ ಲ್ಯಾಂಪಿನ ಕೆಳಗೆ ಹೊರಳಿಸಿ ಹೊರಳಿಸಿ ನೋಡಿದರು, ನಕ್ಕರು, ಮುಂದಿನ ಎರಡು ಹಲ್ಲಿನ ನಡುವೆ ಸಂದು ಇದೆ ಅವರಿಗೆ, ಏನ್ ಮೇಡಂ ಇದು, ಗೆರೇನೇ ಇಲ್ವಲ್ಲ, ಕಳ್ಳತನಕ್ಕೆ ಹೇಳಿ ಮಾಡಿಸಿದ ಕೈ ನಿಮ್ದು, ಏನು ಕೆಲಸ ಮಾಡ್ತೀರಿ. ಹಲ್ಲು ಕಟ್ತೀನಿ. ಡಾಕ್ಟರಾ. ಅಲ್ಲ, ಡಾಕ್ಟರು ಅಳತೆ ಕಳಿಸ್ತಾರೆ, ನಾವು ಲ್ಯಾಬಲ್ಲಿ ಕೂತು ಮಾಡಿ ಕೊಡ್ತೀವಿ. ಪ್ಲಾಸ್ಟರ್ ಅಚ್ಚು, ಪಾಲಿಶ್ ಪುಡಿ, ಉಜ್ಜು ಕಾಗದ, ಇಪ್ಪತ್ತೆರಡು ವರ್ಷ ದಿನವಿಡೀ ಉಜ್ಜಿದ್ದು ಹಲ್ಲನ್ನು ಎಂದುಕೊಂಡಿದ್ದೆ, ಜೊತೆಗೆ ನಾನೂ ಸವೆದಿದ್ದೇನೆ. ಅವರು ಕೈ ಬಿಡಲಿಲ್ಲ, ಒಂದೊಂದೇ ಬೆರಳನ್ನು ಹಿಡಿದು ನೋಡುತ್ತಲೇ ಇದ್ದರು, ಯಾರಾದರೂ ನನ್ನ ಕೈ ಹಿಡಿದು ಎಷ್ಟು ಕಾಲವಾಗಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ, ಕೆಂಪು ಬಂದರೂ ಬರಲಿ ಇನ್ನೊಂದು ಸಲ ನೋಡಲಿ ಎನ್ನಿಸಿತು. ನಲವತ್ತೊಂದು. ಇಷ್ಟು ಹೊತ್ತಿಗೆ ಮೂರೇ ಜನ ಹೋಗಿದ್ದಾರೆ.

ಎರಡು ವಾರ ಕೈಗೆ ರಜಾ ಕೊಡಿ ಮೇಡಂ, ಚರ್ಮ ತಾನಾಗೇ ಬೆಳ್ಯತ್ತೆ, ಅಂದರು, ಲ್ಯಾಬಿನ ಯಜಮಾನರ ಹತ್ತಿರ ಹೋಗಿ ರಜೆ ಕೇಳಿದರೆ ಅವರು ಕನ್ನಡಕ ಹಣೆಗೇರಿಸಿ, ಹೋಗಮ್ಮ ಹೋಗು, ದಿನಕ್ಕೆ ಎರಡು ಸೆಟ್ಟು ಹಲ್ಲು ಹೆರ್ತಿದ್ಯಲ್ಲ, ಬಾಣಂತನ ಅಂದ್ಕೋ, ಎಂದು ತಾವೇ ನಕ್ಕರು, ನಾನೂ ನಕ್ಕೆ, ಆಮೇಲೆ ಬಾತ್ ರೂಮಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಆ ಎರಡು ವಾರದಲ್ಲೇ ಮನೆ ತಪಾಸಣೆಗೆ ಸಮಾಜ ಕಾರ್ಯಕರ್ತೆ ಬಂದದ್ದು, ಕೆಳಗಿನ ಕೋರೆ ಒಂದಿಷ್ಟು ಹೊರಗೆ ಬಂದಿದೆ, ಒಳ್ಳೆಯ ಹೆಂಗಸು, ಫ್ರಿಜ್ ತೆಗೆದು ನೋಡಿದರು, ಕಿಟಕಿಯ ಕಂಬಿ ಎಣಿಸಿದರು, ನಿಮಗೆ ಕೋಪ ಬಂದ್ರೆ ಏನ್ಮಾಡ್ತೀರಿ, ಚಿಕ್ಕವರಿದ್ದಾಗ ನಿಮಗೆ ಯಾರು ಹೊಡೀತಿದ್ರು, ಮದುವೆ ಯಾಕೆ ಆಗ್ಲಿಲ್ಲ, ಕಾಯಿಲೆ ಬಿದ್ರೆ ಯಾರಿಗೆ ಫೋನ್ ಮಾಡ್ತೀರಿ. ಅಕ್ಕನಿಗೆ, ಅಂದೆ. ಅಕ್ಕ ಎಲ್ಲಿದಾರೆ. ರೈಲಲ್ಲಿ ಆರು ಗಂಟೆ. ಮತ್ತೆ ಹತ್ತಿರದಲ್ಲಿ ಯಾರು. ಯಾರು ಎಂದು ಹುಡುಕಿದೆ, ಮನಸ್ಸಿನಲ್ಲೇ ಒಂದು ಸುತ್ತು ಓಣಿಯೆಲ್ಲ ತಿರುಗಿ ಬಂದೆ, ಕೊನೆಗೆ ಯಜಮಾನರ ಹೆಸರು ಹೇಳಿದೆ, ಅವರು ಬರೆದುಕೊಂಡರು. ವರದಿ ಚೆನ್ನಾಗಿಯೇ ಬಂತು, ಅರ್ಜಿದಾರರು ಶಾಂತ ಸ್ವಭಾವದವರು ಎಂದೆಲ್ಲ, ಕೆಳಗೆ ಒಂದು ಸಾಲು — ಮಗುವಿನ ಕೋಣೆಯ ಮಂಚ, ಮೇಜು, ಕಿಟಕಿ ಹಲಗೆಯ ಅಂಚುಗಳು ಚೂಪಾಗಿವೆ, ಸರಿಪಡಿಸತಕ್ಕದ್ದು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಯಿಂದ ರಬ್ಬರ್ ಪಟ್ಟಿ ತಂದು ಅಂಟಿಸಿ ಮುಗಿಸುತ್ತಿದ್ದರು, ನನಗೆ ಅಂಚು ಎಂದರೆ ಸಾಕು, ಉಜ್ಜು ಕಾಗದ ಹಿಡಿದು ಕೂತೆ, ಮೂರು ದಿನ ಕೂತೆ, ಗ್ಲೌಸು ಹಾಕಿದರೆ ನುಣುಪು ತಿಳಿಯುವುದಿಲ್ಲ, ಕಣ್ಣನ್ನು ನಂಬಬಾರದು, ಬರಿಗೈ ಹೆಬ್ಬೆರಳ ತುದಿಯಿಂದ ಸವರಿ ನೋಡಬೇಕು, ಕಟ್ಟಿದ ಹಲ್ಲಿನಲ್ಲಿ ಕೂದಲೆಳೆಯಷ್ಟು ಏಣು ಇದ್ದರೂ ನಾಲಿಗೆಗೆ ಗೊತ್ತಾಗುತ್ತದೆ, ಮಗುವಿನ ಹಣೆಗೂ ಗೊತ್ತಾಗದೆ ಇರುತ್ತದೆಯೇ. ಉಜ್ಜುವುದು, ಸವರುವುದು, ಮತ್ತೆ ಉಜ್ಜುವುದು, ಹಾಡು ಕೂಡ ಹಾಡಿಕೊಂಡೆ ಎಂದು ಕಾಣುತ್ತದೆ, ಈ ಎರಡು ವರ್ಷದಲ್ಲಿ ಸುಖವಾಗಿದ್ದ ಮೂರು ದಿನ ಅವು. ನಾಲ್ಕನೆಯ ದಿನ ಇಲ್ಲಿಗೆ ಬಂದು ಬೆರಳಿಟ್ಟರೆ ಹತ್ತಕ್ಕೆ ಹತ್ತೂ ಕೆಂಪು. ಒಂದು ಕಾಗದ ಕೇಳಿದ್ದನ್ನು ಮಾಡಿಕೊಟ್ಟಿದ್ದಕ್ಕೆ ಇನ್ನೊಂದು ಕಾಗದ ಮುನಿಸಿಕೊಂಡಿತು, ದತ್ತು ಸಂಸ್ಥೆಯ ಮೇಡಂಗೆ ಫೋನಿನಲ್ಲಿ ಹೇಳಿದರೆ ಒಂದೇ ಮಾತು, ನಿಮಗ್ಯಾರು ಉಜ್ಜೋಕೆ ಹೇಳಿದ್ದು.

ಇದು ಮೂರನೆಯ ಸಲ, ಕೊನೆಯ ಸಲವೂ ಹೌದು, ಈ ತಿಂಗಳ ಮೂವತ್ತರೊಳಗೆ ಪೊಲೀಸರ ಪತ್ರ ಹೋಗದಿದ್ದರೆ ಮಗುವಿನ ಫೈಲು ಮತ್ತೆ ಎಲ್ಲರ ಪಟ್ಟಿಗೆ ಹೋಗುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಇವತ್ತು ಇಪ್ಪತ್ತೆಂಟು. ಕಾಗದಗಳಿಗೂ ಆಯಸ್ಸಿರುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ, ರಕ್ತ ಪರೀಕ್ಷೆಗೆ ಆರು ತಿಂಗಳು, ಸಂಬಳದ ಪತ್ರಕ್ಕೆ ಮೂರು, ಮನೆ ವರದಿಗೆ ಒಂದು ವರ್ಷ, ಎಲ್ಲವೂ ಒಂದೇ ದಿನ ಜೀವಂತವಾಗಿರಬೇಕು, ಒಂದು ಬರುವಷ್ಟರಲ್ಲಿ ಇನ್ನೊಂದು ಕಣ್ಣು ಮುಚ್ಚಿರುತ್ತದೆ, ಮತ್ತೆ ನೋಟರಿ, ಮತ್ತೆ ಅನುವಾದ, ಅನುವಾದಕ ಮುದುಕರು ನನ್ನ ಎದೆಯ ಎಕ್ಸ್‌ರೇ ವರದಿಯನ್ನು ಮೂರು ಸಲ ಆ ದೇಶದ ಭಾಷೆಗೆ ಮಾಡಿಕೊಟ್ಟಿದ್ದಾರೆ, ನಿಮ್ಮ ಶ್ವಾಸಕೋಶ ನಂಗೆ ಬಾಯಿಪಾಠ ಆಗೋಯ್ತಮ್ಮ, ಅನ್ನುತ್ತಾರೆ. ಮೇಲಿಂದ ಸರಕಾರದ ಅನುಮತಿ ಪತ್ರ, ಅದರಲ್ಲಿ ಸ್ಪಷ್ಟವಾಗಿ ಬರೆದಿದೆ, ಒಂದು ಮಗು, ಐದು ವರ್ಷ ತುಂಬಿರಬಾರದು, ಮಗುವಿಗೆ ಈಗ ನಾಲ್ಕು ವರ್ಷ ಎಂಟು ತಿಂಗಳು. ಐದು ತುಂಬಿತೋ, ಈ ಪತ್ರಕ್ಕೆ ಬೆಲೆಯಿಲ್ಲ, ಮೊದಲಿನಿಂದ ಶುರು, ಆಗ ನನಗೆ ನಲವತ್ತಾರು ದಾಟಿರುತ್ತದೆ, ಒಂಟಿ ಹೆಂಗಸಿಗೆ ಅದರ ಮೇಲೆ ಕೊಡುವುದಿಲ್ಲವಂತೆ, ಮೇಡಂ ಮೆತ್ತಗೆ ಹೇಳಿದ್ದರು, ಶುರು ಮಾಡೋ ಹಾಗೇ ಇರಲ್ಲ ಅಂದ್ಕೊಳ್ಳಿ. ನಾಲ್ಕು ತಿಂಗಳಿದೆ, ಸಾಕು, ಬೆರಳೊಂದು ಆದರೆ ಸಾಕು. ಹುಟ್ಟಿದ ದಿನ ನಿಜವಾಗಿ ಯಾರಿಗೂ ಗೊತ್ತಿಲ್ಲ, ಮಾರುಕಟ್ಟೆಯ ಹತ್ತಿರ ಸಿಕ್ಕ ಮಗು, ಸಿಕ್ಕ ದಿನ ಯಾರೋ ಎತ್ತಿ ನೋಡಿ ಎರಡು ವರ್ಷ ಇರಬಹುದು ಎಂದು ಬರೆದರು, ಫೈಲಿನಲ್ಲಿ ಅಂದಾಜು ವಯಸ್ಸು ಎಂದೇ ಇದೆ, ಆ ಅಂದಾಜೇ ಆಮೇಲೆ ಹುಟ್ಟುಹಬ್ಬವಾಯಿತು. ಫೈಲಿನಲ್ಲಿ ಅವಳು ನಂಬರು ನಾನೂರ ಹದಿನೇಳು, ನನಗೆ ಚಿಕ್ಕಿ, ಬಾಯಿಬಿಟ್ಟು ಹಾಗೆ ಕರೆದಿಲ್ಲ ಇನ್ನೂ, ಖಾಲಿ ಕೋಣೆಯಲ್ಲಿ ಒಂದು ಸಲ ಕರೆದು ನೋಡಿದೆ, ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು, ಮತ್ತೆ ಕರೆಯಲಿಲ್ಲ. ಅಕ್ಕ ಕೇಳುತ್ತಾಳೆ, ಅಲ್ಲ ಕಣೇ, ಅಷ್ಟು ದೂರದ್ದು, ಮಾತು ಬರಲ್ಲ, ಬಣ್ಣ ಬೇರೆ, ನಾಳೆ ನೀನ್ಯಾರು ಅಂದ್ರೆ. ಅಂದರೆ ಏನು, ಹಲ್ಲು ಕಟ್ಟುವವಳು ಅನ್ನುತ್ತೇನೆ. ತಮಾಷೆ ಬೇಡ. ಅಕ್ಕನ ಮಾತಿನಲ್ಲಿ ತಪ್ಪಿಲ್ಲ, ಅವಳಿಗೆ ಮೂವರು, ಮನೆ ತುಂಬ ಗದ್ದಲ, ಸಂಜೆ ಆರಕ್ಕೆ ಬೀಗ ತೆಗೆದು ಒಳಗೆ ಹೋದಾಗ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುವುದು ಹೇಗಿರುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು. ಯಾರಾದರೂ ಅದನ್ನು ಬೀಳಿಸಬಾರದೇ ಎಂದು ನನಗನ್ನಿಸುತ್ತದೆ, ಹೇಳಿದರೆ ನಗುತ್ತಾಳೆ, ಅದಕ್ಕೇ ಹೇಳುವುದಿಲ್ಲ.

ಐವತ್ತೆರಡು, ಗ್ಲೌಸು ಕಿತ್ತು ಮತ್ತೆ ಹಾಕಿಕೊಂಡೆ, ಗೆರೆ ಮೂಡಿವೆ, ಕಿಟಕಿಯ ಬೆಳಕಿಗೆ ಹಿಡಿದರೆ ಕಾಣುತ್ತವೆ, ತೆಳ್ಳಗೆ, ಹೆಬ್ಬೆರಳಲ್ಲೂ ಇದೆ — ಫೋನು ಗುಂಯ್ ಎಂದಿತು, ಸಂಸ್ಥೆಯ ಮೇಡಂ, ಮೂರು ತಿಂಗಳಿಗೊಮ್ಮೆ ಕಳಿಸುವ ಫೋಟೋ ಬಂತು ನೋಡಿ, ಮೊದಲ ಸಲ ನಗ್ತಿದಾಳೆ, ಆಲ್ ದಿ ಬೆಸ್ಟ್. ಇದುವರೆಗೆ ಬಂದದ್ದು ಏಳು ಫೋಟೋ, ಏಳರಲ್ಲೂ ತುಟಿ ಬಿಗಿದುಕೊಂಡು ಕ್ಯಾಮೆರಾದವನ ಮೇಲೆ ದೂರು ಕೊಡುವವಳ ಹಾಗೆ ನಿಂತಿರುತ್ತಿದ್ದಳು, ಇದರಲ್ಲಿ ಹಳದಿ ಸ್ವೆಟರು, ಯಾರದೋ ದೊಡ್ಡದು, ತೋಳು ಮಡಚಿದ್ದಾರೆ, ತಲೆ ಹಿಂದಕ್ಕೆ ಹಾಕಿ ಬಾಯಿ ತುಂಬ ನಗುತ್ತಿದ್ದಾಳೆ, ಕ್ಯಾಮೆರಾದ ಹಿಂದೆ ಯಾರೋ ಏನೋ ಮಂಗಾಟ ಮಾಡಿರಬೇಕು, ಯಾರು, ಏನು ಮಾಡಿದರು, ನನಗೂ ಕಲಿಸಿಕೊಡಲಿ — ಕಣ್ಣು ತುಂಬಿತು, ಗ್ಲೌಸಿನಲ್ಲೇ ಒರೆಸಿಕೊಂಡೆ, ಕ್ರೀಮು ಕಣ್ಣಿಗೆ ಹೋಗಿ ಇನ್ನಷ್ಟು ಉರಿ. ಪಕ್ಕದಲ್ಲಿ ಕುಳಿತ ನರ್ಸ್ ಹುಡುಗಿ, ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಅದಕ್ಕೆ ಬೆರಳಚ್ಚು ಕೊಡಲು ಬಂದವಳು, ಬಗ್ಗಿ ನೋಡಿ, ಅಯ್ಯೋ ಎಷ್ಟು ಮುದ್ದಾಗಿದಾಳೆ ಆಂಟಿ, ನಿಮ್ಮ ಮಗಳಾ. ಹೂಂ, ಅಂದೆ. ಅಷ್ಟೇ, ಹೂಂ, ಜೀವನದಲ್ಲಿ ಮೊದಲ ಸಲ. ಹಲ್ಲು ಬಿದ್ದಿದೆ ನೋಡಿ ಪಾಪ, ಬೊಚ್ಚುಬಾಯಿ, ಆರು ತುಂಬ್ತಾ.

ಆರು ತುಂಬ್ತಾ — ಹೌದು, ಹಲ್ಲು ಬಿದ್ದಿದೆ, ಕೆಳಸಾಲು, ನಟ್ಟನಡುವಿನದು, ಬಲಗಡೆಯದು, ಬಾಯಿಯೊಂದನ್ನು ಬಿಟ್ಟು ಬೇರೇನೂ ನೋಡದ ನಾನು ಇವತ್ತು ನಗು ನೋಡುತ್ತ ಕೂತಿದ್ದೆ, ಇವತ್ತೊಂದು ದಿನ ಮುಖ ನೋಡಿದೆನಲ್ಲ ಅಕ್ಕ. ಹಾಲುಹಲ್ಲು ಬೀಳುವುದು ಆರರ ಆಸುಪಾಸಿನಲ್ಲಿ, ಅಪರೂಪಕ್ಕೆ ಐದಕ್ಕೂ ಬೀಳುತ್ತದೆ, ನಾಲ್ಕು ವರ್ಷ ಎಂಟು ತಿಂಗಳಿಗೆ ಬಿದ್ದದ್ದನ್ನು ನಾನು ಕಂಡಿಲ್ಲ, ಮಕ್ಕಳ ಅಚ್ಚು ವಾರಕ್ಕೆ ನಾಲ್ಕಾದರೂ ಬರುತ್ತದೆ ಲ್ಯಾಬಿಗೆ, ಡಬ್ಬದ ಮೇಲೆ ವಯಸ್ಸು ಬರೆದಿರುತ್ತದೆ, ಎಷ್ಟೋ ಸಲ ನಾನು ಡಬ್ಬ ನೋಡದೆಯೇ ಹೇಳುತ್ತೇನೆ, ಯಜಮಾನರು ಪಂದ್ಯ ಕಟ್ಟಿ ಸೋಲುತ್ತಾರೆ. ತಾನಾಗಿ ಬೀಳದಿದ್ದರೆ — ಯಾರಾದರೂ ಬೀಳಿಸಿದರೇ, ಬಚ್ಚಲಿನಲ್ಲಿ ಜಾರಿದಳೇ, ಕಬ್ಬಿಣದ ಮಂಚದ ಅಂಚು ಬಡಿಯಿತೇ, ಇಲ್ಲಿ ಅಂಚು ಉಜ್ಜಿ ಉಜ್ಜಿ ಬೆರಳು ಕಳೆದುಕೊಂಡೆ, ಅಲ್ಲಿಯ ಅಂಚಿಗೆ ಯಾರು ದಿಕ್ಕು, ಇಲ್ಲ ಯಾರದೋ ಕೈಯೇ, ಅಷ್ಟು ಮಕ್ಕಳ ನಡುವೆ ಒಬ್ಬ ಸುಸ್ತಾದ ಆಯಾಳ ಕೈ, ಫೋಟೋ ಹಿಗ್ಗಿಸಬೇಕು, ಗ್ಲೌಸಿನ ಬೆರಳನ್ನು ಫೋನು ಲೆಕ್ಕಕ್ಕೆ ಇಡುತ್ತಿಲ್ಲ, ಹಲ್ಲಿನಿಂದ ಕಚ್ಚಿ ಎಳೆದು ಕಿತ್ತೆ, ಒರೆಸಿ, ಎರಡು ಬೆರಳಿನಿಂದ ಹಿಗ್ಗಿಸಿದೆ, ಬಾಯಿ, ಇನ್ನೂ, ಕೆಳಸಾಲು, ಇನ್ನೂ. ಏಟು ಬಿದ್ದಿದ್ದರೆ ಸಂದು ಖಾಲಿ ಇರುತ್ತದೆ, ತಾನಾಗಿ ಬಿದ್ದಿದ್ದರೆ ಕೆಳಗಿನಿಂದ ಇನ್ನೊಂದು ತಳ್ಳಿಕೊಂಡು ಬಂದಿರುತ್ತದೆ. ಗುಲಾಬಿ ಒಸಡು, ಅದರ ನಡುವೆ ಬಿಳಿ, ಅಕ್ಕಿಯ ನುಚ್ಚಿನಷ್ಟು, ಮೇಲಂಚಿನಲ್ಲಿ ಗರಗಸದ ಹಾಗೆ ಮೂರು ಪುಟ್ಟ ಮೊನೆ, ಹೊಸದಾಗಿ ಹುಟ್ಟುವ ಶಾಶ್ವತ ಹಲ್ಲಿಗೆ ಮಾತ್ರ ಇರುವ ಮೊನೆ, ಆಮೇಲೆ ತಿಂದು ತಿಂದು ಸವೆದುಹೋಗುವಂಥದು. ಯಾರೂ ಹೊಡೆದಿಲ್ಲ ನಿನ್ನನ್ನು, ಚಿಕ್ಕಿ, ಯಾರೂ ಹೊಡೆದಿಲ್ಲ, ಗೋಡೆಗೆ ಒರಗಿದೆ. ಸಿಕ್ಕ ದಿನ ನಿನಗೆ ಎರಡಲ್ಲ, ಮೂರು ತುಂಬಿ ಮೇಲಾಗಿತ್ತು, ಹೊಟ್ಟೆಗಿಲ್ಲದ ಮಗು ಸಣ್ಣಗೆ ಕಂಡಿತು, ಯಾರೋ ಎರಡು ಎಂದು ಬರೆದರು, ಯಾರೂ ಬಾಯಿ ತೆರೆಸಿ ನೋಡಲಿಲ್ಲ.

ಆರು. ಅನುಮತಿ ಪತ್ರದಲ್ಲಿ ಐದು. ಅಂದರೆ ಇದು ಯಾವತ್ತೋ ಮುಗಿದುಹೋದದ್ದು, ಮುಗಿದುಹೋದದ್ದಕ್ಕೆ ನಾನು ಕೈಗೆ ಕ್ರೀಮು ಹಚ್ಚುತ್ತಿದ್ದೆ, ಮೇಡಂ ಈ ಫೋಟೋ ನೋಡಿದ್ದಾರೆ, ಅವರಿಗೆ ಕಂಡದ್ದು ನಗು, ಅನಾಥಾಲಯದವರಿಗೆ ಅಲ್ಲಿ ನಲವತ್ತು ಬಾಯಿ, ಯಾವ ಬಾಯಲ್ಲಿ ಯಾವಾಗ ಏನು ಬಿತ್ತು ಎಂದು ಯಾರು ಲೆಕ್ಕ ಇಡುತ್ತಾರೆ, ಇಡೀ ಫೈಲಿನಲ್ಲಿ ಇದನ್ನು ಓದಬಲ್ಲವಳು ನಾನೊಬ್ಬಳೇ, ಯಾರಿಗಾದರೂ ಹೇಳಬೇಕು, ಅಕ್ಕನಿಗೆ, ಅಕ್ಕ ಅನ್ನುತ್ತಾಳೆ ಬಿಡು ಕಣೇ ದೇವರೇ ಬೇಡ ಅಂದ ಹಾಗಾಯ್ತು, ಯಜಮಾನರಿಗೆ, ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಮೇಡಂಗೆ ಹೇಳಿದರೆ ಅವರು ಬರೆಯಲೇಬೇಕು, ಬರೆದರೆ ಮುಗಿಯಿತು, ಅವಳು ಆರು ವರ್ಷದ ಮಗುವಾಗಿ ಮತ್ತೆ ಪಟ್ಟಿಗೆ, ದೊಡ್ಡ ಮಕ್ಕಳನ್ನು ಯಾರೂ ಎತ್ತಿಕೊಳ್ಳುವುದಿಲ್ಲ, ಅದೂ ಮೇಡಂ ಹೇಳಿದ ಮಾತೇ. ಅರವತ್ತೊಂದು, ಆಂಟಿ ನಿಮ್ಮದೇ, ನರ್ಸ್ ಹುಡುಗಿ ಭುಜ ತಟ್ಟಿದಳು, ಎದ್ದೆ, ಗಾಜಿನ ಮುಂದೆ ಅದೇ ಆಪರೇಟರ್, ಬನ್ನಿ ಬನ್ನಿ ಕಳ್ಳರ ಮೇಡಂ, ಈ ಸಲ ಏನುಜ್ಜಿದ್ರಿ, ನಕ್ಕು ನನ್ನ ಕೈ ಹಿಡಿದು ಗಾಜಿನ ಮೇಲಿಟ್ಟರು, ಹಸಿರು, ಮುಂದಿನದು, ಹಸಿರು, ಹಸಿರು, ಬಲ ಹೆಬ್ಬೆರಳು, ಹಸಿರು, ನೋಡಿದ್ರಾ ನಾ ಹೇಳ್ಲಿಲ್ವಾ, ಹತ್ತಕ್ಕೆ ಹತ್ತು, ಅವರಿಗೆ ನನಗಿಂತ ಖುಷಿ. ಆಮೇಲೆ ಅರ್ಜಿ ಹೊರಳಿಸಿಕೊಂಡು ಓದಿದರು, ಪತ್ರದ ಉದ್ದೇಶ ದತ್ತು ಸ್ವೀಕಾರ, ಹೆಣ್ಣು ಮಗು ಒಂದು, ವಯಸ್ಸು ನಾಲ್ಕು ವರ್ಷ ಎಂಟು ತಿಂಗಳು, ನನಗೆ ತಿಳಿದ ಮಟ್ಟಿಗೆ ಮೇಲಿನದೆಲ್ಲ ಸತ್ಯ, ಸರಿ ತಾನೇ ಮೇಡಂ, ಸೈನ್ ಮಾಡಿ. ಒಂದು ಗಂಟೆ ಮೊದಲು ಕರೆದಿದ್ದರೆ ನಿಜವೇ ಹೇಳುತ್ತಿದ್ದೆ. ಮೇಡಂ. ಹಾಂ. ಸರಿ ತಾನೇ. ಸರಿ, ಅಂದೆ, ಸಹಿ ಮಾಡಿದೆ, ಇಪ್ಪತ್ತೆರಡು ವರ್ಷದ ಪಳಗಿದ ಕೈ. ಇನ್ನು ವೀಸಾ ಕೊಡುವ ಮೊದಲು ಅಲ್ಲಿಯ ಡಾಕ್ಟರು ನೋಡುತ್ತಾರೆ, ಆ ಅನ್ನು ಪುಟ್ಟಿ ಎಂದು ಬಾಯಿ ತೆರೆಸುತ್ತಾರೆ, ಎರಡು ತಿಂಗಳೋ ಮೂರೋ, ಅಷ್ಟರಲ್ಲಿ ಆ ನುಚ್ಚು ಪೂರ್ತಿ ಹಲ್ಲಾಗಿರುತ್ತದೆ, ಪಕ್ಕದ್ದೂ ಅಲ್ಲಾಡುತ್ತಿರುತ್ತದೆ, ಅದಕ್ಕೂ ಮೊದಲು ಇನ್ನೊಂದು ಫೋಟೋ ಬರುತ್ತದೆ, ಎಲ್ಲರೂ ನೋಡುತ್ತಾರೆ, ನಿಧಾನ ಬೆಳಿಯೇ, ಮೆಲ್ಲಗೆ, ಆತುರ ಬೇಡ, ಹಲ್ಲು ಬೆಳೆಯಬೇಡ ಎಂದು ಕೇಳಿಕೊಳ್ಳುತ್ತಿದ್ದೇನೆ ನಾನು, ಹಲ್ಲು ಕಟ್ಟುವವಳು — ಬಾಯಿ ಮುಚ್ಚಿಕೋ ಚಿಕ್ಕಿ, ತುಟಿ ಬಿಗಿದುಕೊಂಡು ನಿಲ್ಲು, ಯಾರು ಎಷ್ಟೇ ಮಂಗಾಟ ಮಾಡಲಿ ನಗಬೇಡ, ನಾನು ಬರುವವರೆಗೆ ನಗಬೇಡ, ಅಮ್ಮ ಮಗಳಿಗೆ ಹೇಳುವ ಮೊದಲ ಮಾತು ಇದಾಯಿತೇ, ನಗಬೇಡ — ಮೇಡಂ ಆಯ್ತು, ಹೋಗಿ, ಮುಂದಿನೋರಿಗೆ ಜಾಗ ಬಿಡಿ — ಫೋನು ಇನ್ನೂ ಹಿಗ್ಗಿಸಿದ ಹಾಗೆಯೇ ಇದೆ, ಮುಖವಿಲ್ಲ, ಸ್ವೆಟರಿಲ್ಲ, ಗುಲಾಬಿ ಒಸಡು, ಅದರಲ್ಲೊಂದು ಸಂದು, ಸಂದಿನಲ್ಲಿ ಬಿಳಿ, ಮೂರು ಮೊನೆ.